ಏನು ಇಲ್ಲ? ಅನಾತ್ಮ ಮತ್ತು ಶೂನ್ಯತೆ

(ಮೈಸೂರಿನಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಬೌದ್ಧ ದರ್ಶನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಆತ್ಮವೇ ಇಲ್ಲವೆಂದ ಮೇಲೆ ಕರ್ಮ ಮಾಡುವವರು ಯಾರು, ಅದರ ಫಲ ಉಣ್ಣುವವರು ಯಾರು ಎಂಬುದು ಮೊದಲನೆಯದು. ಎಲ್ಲವೂ ಶೂನ್ಯವಾದರೆ ಹಾಗೆಂದು ಹೇಳುವ ಮಾತೂ ಶೂನ್ಯವೇ ಆಗಬೇಕಲ್ಲ, ಆ ಮಾತನ್ನು ಒಪ್ಪುವುದಾದರೂ ಹೇಗೆ ಎಂಬುದು ಎರಡನೆಯದು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಬೌದ್ಧರ ಉಳಿದ ಪಕ್ಷಗಳನ್ನು ವಿಸ್ತಾರವಾಗಿ ಖಂಡಿಸಿ, ಶೂನ್ಯವಾದದ ಬಳಿಗೆ ಬಂದಾಗ ಅದು ಸರ್ವ ಪ್ರಮಾಣಗಳಿಗೂ ವಿರುದ್ಧವಾದ್ದರಿಂದ ಅದರ ನಿರಾಕರಣೆಗೆ ಆದರ ತೋರುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ವೇದಾಂತದ ಪಾಠಗಳು ತಲೆಮಾರುಗಳಿಂದ ನಡೆದುಬಂದಿರುವ, ಮೇಲುಕೋಟೆಯನ್ನು ಮಗ್ಗುಲಲ್ಲೇ ಇಟ್ಟುಕೊಂಡಿರುವ ಈ ಸೀಮೆಯಲ್ಲಿ ಆ ಒಂದು ವಾಕ್ಯವೇ ಅನೇಕರಿಗೆ ಶೂನ್ಯವಾದದ ಸಂಪೂರ್ಣ ಪರಿಚಯವೂ ಆಗಿಬಿಟ್ಟಿದೆ. ನಾನು ಇಂದು ಶಂಕರರೊಡನೆ ವಾದಕ್ಕೆ ನಿಂತಿಲ್ಲ. ಬೌದ್ಧರು ‘ಇಲ್ಲ’ ಎಂದಾಗ ಯಾವುದನ್ನು ಇಲ್ಲವೆಂದರು ಎಂಬುದಷ್ಟೇ ನನ್ನ ವಿಷಯ. ಅದು ಗೊತ್ತಾಗದೆ ಅವರನ್ನು ಒಪ್ಪುವುದೂ ಕಷ್ಟ, ಖಂಡಿಸುವುದೂ ಕಷ್ಟ.

ವಾರಾಣಸಿಯ ಬಳಿಯ ಇಸಿಪತನದಲ್ಲಿ, ಅಂದರೆ ಇಂದಿನ ಸಾರನಾಥದಲ್ಲಿ, ಬುದ್ಧ ತನ್ನ ಮೊದಲ ಐವರು ಶಿಷ್ಯರಿಗೆ ಮಾಡಿದ ಎರಡನೆಯ ಉಪದೇಶಕ್ಕೆ ಅನತ್ತಲಕ್ಖಣ ಸುತ್ತ ಎಂದು ಹೆಸರು. ಅಲ್ಲಿ ಮನುಷ್ಯನನ್ನು ಐದು ಸ್ಕಂಧಗಳಾಗಿ ಬಿಡಿಸಿ ನೋಡಲಾಗಿದೆ: ರೂಪ (ಮೈ), ವೇದನೆ (ಸುಖದುಃಖಗಳ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಪ್ರವೃತ್ತಿಗಳು), ವಿಜ್ಞಾನ (ಅರಿವು). ಒಂದೊಂದನ್ನೂ ಎತ್ತಿಕೊಂಡು ಬುದ್ಧ ಒಂದೇ ಪರೀಕ್ಷೆ ಮಾಡುತ್ತಾನೆ. ಈ ರೂಪ ಆತ್ಮವೇ ಆಗಿದ್ದರೆ ಅದು ಬಾಧೆಗೆ ಗುರಿಯಾಗುತ್ತಿರಲಿಲ್ಲ. ‘ನನ್ನ ರೂಪ ಹೀಗಿರಲಿ, ಹೀಗಾಗದಿರಲಿ’ ಎಂದು ಅಪ್ಪಣೆ ಕೊಟ್ಟರೆ ನಡೆಯಬೇಕಾಗಿತ್ತು. ನಡೆಯುವುದಿಲ್ಲವಾದ್ದರಿಂದ ರೂಪ ಆತ್ಮವಲ್ಲ. ವೇದನೆಯೂ ಹಾಗೆಯೇ, ಉಳಿದ ಮೂರೂ ಹಾಗೆಯೇ. ಅನಂತರ ಪ್ರಶ್ನೋತ್ತರ ಬರುತ್ತದೆ: ರೂಪ ನಿತ್ಯವೋ ಅನಿತ್ಯವೋ? ಅನಿತ್ಯ. ಅನಿತ್ಯವಾದದ್ದು ಸುಖವೋ ದುಃಖವೋ? ದುಃಖ. ಅನಿತ್ಯವೂ ದುಃಖವೂ ಮಾರ್ಪಡುವ ಸ್ವಭಾವದ್ದೂ ಆದದ್ದನ್ನು ‘ಇದು ನನ್ನದು, ಇದು ನಾನು, ಇದು ನನ್ನ ಆತ್ಮ’ ಎಂದುಕೊಳ್ಳುವುದು ತಕ್ಕುದೇ? ಅಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮನುಷ್ಯನಿಲ್ಲ, ನೋವಿಲ್ಲ, ನೆನಪಿಲ್ಲ ಎಂದು ಈ ಉಪದೇಶದಲ್ಲಿ ಎಲ್ಲಿಯೂ ಹೇಳಿಲ್ಲ. ಹುಡುಕಿದ್ದು ಒಬ್ಬ ಒಡೆಯನನ್ನು. ಮೈಮನಗಳ ಮೇಲೆ ಅಧಿಕಾರ ಉಳ್ಳ, ತಾನು ಮಾತ್ರ ಬದಲಾಗದ ಯಜಮಾನನನ್ನು. ಐದು ಕಡೆ ಹುಡುಕಿ ಆ ಯಜಮಾನ ಸಿಗಲಿಲ್ಲ ಎಂಬುದಷ್ಟೇ ಅಲ್ಲಿನ ವರದಿ. ವಚ್ಛಗೋತ್ತನೆಂಬ ಪರಿವ್ರಾಜಕ ಮುಂದೆ ಒಮ್ಮೆ ಬಂದು ‘ಆತ್ಮ ಇದೆಯೇ’ ಎಂದು ಕೇಳಿದಾಗ ಬುದ್ಧ ಸುಮ್ಮನಿದ್ದ. ‘ಹಾಗಾದರೆ ಇಲ್ಲವೇ’ ಎಂದಾಗಲೂ ಸುಮ್ಮನಿದ್ದ. ಆತ ಎದ್ದು ಹೋದ ಮೇಲೆ ಶಿಷ್ಯ ಆನಂದ ಕಾರಣ ಕೇಳುತ್ತಾನೆ. ಇದೆ ಎಂದಿದ್ದರೆ ಆತ್ಮ ಎಂದೆಂದಿಗೂ ಇರುತ್ತದೆನ್ನುವ ಶಾಶ್ವತವಾದಿಗಳ ಪಕ್ಷ ಹಿಡಿದಂತಾಗುತ್ತಿತ್ತು, ಇಲ್ಲ ಎಂದಿದ್ದರೆ ಸಾವಿನೊಡನೆ ಎಲ್ಲವೂ ಅಳಿಯುತ್ತದೆನ್ನುವ ಉಚ್ಛೇದವಾದಿಗಳ ಪಕ್ಷ ಹಿಡಿದಂತಾಗುತ್ತಿತ್ತು. ಮೊದಲೇ ಗೊಂದಲದಲ್ಲಿದ್ದ ಆತ, ತನ್ನಲ್ಲಿ ಇಷ್ಟು ದಿನ ಇದ್ದ ಆತ್ಮ ಈಗ ಇಲ್ಲವಾಯಿತು ಎಂದು ಇನ್ನಷ್ಟು ಗೊಂದಲಕ್ಕೆ ಬೀಳುತ್ತಿದ್ದ ಎಂಬುದು ಬುದ್ಧನ ಉತ್ತರ. ಇದ್ದ ಒಂದು ವಸ್ತುವನ್ನು ಕಿತ್ತುಕೊಳ್ಳುವುದು ಅನಾತ್ಮವಾದವಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಒಡೆಯನಿಲ್ಲದೆ ವ್ಯಕ್ತಿ ಹೇಗೆ ಉಳಿಯುತ್ತಾನೆ ಎನ್ನುವುದಕ್ಕೆ ಪ್ರಸಿದ್ಧವಾದ ದೃಷ್ಟಾಂತ ಮಿಲಿಂದಪಞ್ಹ ಎಂಬ ಪಾಲಿ ಗ್ರಂಥದಲ್ಲಿದೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ಅರಸ ಮಿನಾಂಡರನೇ ಅಲ್ಲಿನ ಮಿಲಿಂದ. ‘ನಾಗಸೇನ ಎಂಬುದು ಬರಿಯ ಹೆಸರು, ಇಲ್ಲಿ ವ್ಯಕ್ತಿ ಯಾರೂ ದೊರೆಯುವುದಿಲ್ಲ’ ಎಂದ ಭಿಕ್ಷುವಿಗೆ ಅರಸ ಸವಾಲು ಹಾಕುತ್ತಾನೆ. ಭಿಕ್ಷು ತಿರುಗಿ ಕೇಳುತ್ತಾನೆ: ನೀವು ಬಂದದ್ದು ರಥದಲ್ಲಿ ಅಲ್ಲವೇ, ಆ ರಥವನ್ನು ತೋರಿಸಿ. ಈಸುಮರ ರಥವೋ, ಅಚ್ಚು ರಥವೋ, ಗಾಲಿ ರಥವೋ?

ನಮಗೆ ಈ ದೃಷ್ಟಾಂತಕ್ಕಾಗಿ ಮಿಲಿಂದನ ರಾಜಧಾನಿ ಸಾಗಲದವರೆಗೆ ಹೋಗಬೇಕಾಗಿಲ್ಲ, ನಂಜನಗೂಡಿನವರೆಗೆ ಹೋದರೆ ಸಾಕು. ದೊಡ್ಡ ಜಾತ್ರೆಯಲ್ಲಿ ಎಳೆಯುವ ಶ್ರೀಕಂಠೇಶ್ವರನ ದೊಡ್ಡ ತೇರಿಗೆ ಗೌತಮ ರಥ ಎಂದೇ ಹೆಸರು. (ಆ ಗೌತಮ ಋಷಿ, ನಮ್ಮ ಗೌತಮನಲ್ಲ. ಆದರೂ ಹೆಸರು ಕೂಡಿಬಂದದ್ದು ಚೆನ್ನಾಗಿದೆ.) ಜಾತ್ರೆಯ ದಿನ ಏನನ್ನು ತೇರು ಎನ್ನುತ್ತೀರಿ? ಆಳೆತ್ತರದ ಗಾಲಿಗಳನ್ನೇ? ಗಾಲಿ ಸವೆದು ಹೊಸದನ್ನು ಹಾಕಿಸಿದರೂ ‘ಅದೇ ತೇರು’ ಎನ್ನುತ್ತೀರಲ್ಲ. ಬಣ್ಣದ ಬಟ್ಟೆ, ಬಾವುಟ, ಕಳಶಗಳನ್ನೇ? ಉತ್ಸವ ಮುಗಿದ ಮೇಲೆ ಅವನ್ನೆಲ್ಲ ಇಳಿಸಿ ಬರಿಯ ಮರದ ಮೈ ನಿಂತಿರುವಾಗಲೂ ಮಗುವಿಗೆ ತೋರಿಸಿ ‘ನೋಡು, ತೇರು’ ಎನ್ನುತ್ತೀರಿ. ಹಾಗಾದರೆ ಆ ಮರದ ಮೈಯೇ ತೇರೋ? ದೇವರು ಕೂತಿರದ, ಮಿಣಿ ಕಟ್ಟಿರದ, ಎಳೆಯುವವರಿಲ್ಲದ ಆ ಮರಕ್ಕೆ ಯಾರೂ ಹಣ್ಣು-ಜವನ ಎಸೆಯುವುದಿಲ್ಲ. ಎಲ್ಲ ಬಿಡಿಭಾಗಗಳ ರಾಶಿಯೇ ತೇರೆನ್ನೋಣವೆಂದರೆ, ಬಿಚ್ಚಿ ಪೇರಿಸಿಟ್ಟ ರಾಶಿಯನ್ನು ಯಾರೂ ತೇರೆನ್ನುವುದಿಲ್ಲ. ಭಾಗಗಳನ್ನೆಲ್ಲ ಬಿಟ್ಟು ಬೇರೊಂದು ತೇರನ್ನು ತೋರಿಸಿ ಎಂದರೆ ಅದಂತೂ ಇಲ್ಲವೇ ಇಲ್ಲ. ಇಷ್ಟೆಲ್ಲ ಆದರೂ ತೇರು ಬೀದಿಯಲ್ಲಿ ಸಾಗುತ್ತದೆ. ಗಾಲಿಯ ಕೆಳಗೆ ಕಾಲು ಕೊಟ್ಟವನಿಗೆ ‘ತೇರೆಂಬುದು ಬರಿಯ ಹೆಸರು’ ಎಂದು ಯಾರೂ ಸಮಾಧಾನ ಹೇಳುವುದಿಲ್ಲ. ಭಾಗಗಳು, ಅವುಗಳ ಜೋಡಣೆ, ಎಳೆಯುವ ಜನ, ಕರೆಯುವ ರೂಢಿ, ಇವುಗಳನ್ನು ಆಶ್ರಯಿಸಿ ತೇರೆಂಬ ವ್ಯವಹಾರ ನಡೆಯುತ್ತದೆ. ನಾಗಸೇನನೂ, ನಾನೂ, ನೀವೂ ಇರುವುದು ಹೀಗೆ.

ಇಲ್ಲಿಯವರೆಗೂ ಬಹುಮಟ್ಟಿಗೆ ಎಲ್ಲ ಬೌದ್ಧರೂ ಒಪ್ಪುತ್ತಾರೆ. ವಾತ್ಸೀಪುತ್ರೀಯರೆಂಬವರು ಮಾತ್ರ ಸ್ಕಂಧಗಳೇ ಎಂದಾಗಲಿ, ಅವುಗಳಿಗಿಂತ ಬೇರೆ ಎಂದಾಗಲಿ ಹೇಳಲು ಬಾರದ ಒಬ್ಬ ಪುದ್ಗಲನನ್ನು, ಅಂದರೆ ವ್ಯಕ್ತಿಯನ್ನು, ಒಪ್ಪಿದ್ದರು. ವಸುಬಂಧು ಅಭಿಧರ್ಮಕೋಶದ ಕೊನೆಯ ಭಾಗದಲ್ಲಿ ಅವರನ್ನು ಖಂಡಿಸುತ್ತಾನೆ. ಆ ಜಗಳಕ್ಕೆ ಈಗ ಹೋಗುವುದು ಬೇಡ. ನಮಗೆ ಮುಖ್ಯವಾದದ್ದು ಇದು: ಬುದ್ಧನ ಉಪದೇಶಗಳನ್ನು ವಿಂಗಡಿಸಿ ವಿಶ್ಲೇಷಿಸುವ ಶಾಸ್ತ್ರವಾದ ಅಭಿಧರ್ಮದ ಪಂಡಿತರು ತೇರು ನಿಜವಲ್ಲ ಎಂದ ಮೇಲೆ, ತೇರನ್ನು ಒಡೆಯುತ್ತ ಹೋದರೆ ಇನ್ನು ಒಡೆಯಲಾಗದ ಯಾವುದೋ ಸಿಗಬೇಕು, ಅದಾದರೂ ನಿಜವಾಗಿರಬೇಕು ಎಂದುಕೊಂಡರು. ಅವನ್ನು ಅವರು ಧರ್ಮಗಳೆಂದು ಕರೆದರು. ಒಂದೊಂದು ಧರ್ಮಕ್ಕೂ ತನ್ನದೇ ಆದ ಸ್ವಭಾವ ಉಂಟು, ಆ ಸ್ವಭಾವದಿಂದಲೇ ಅದು ಅದಾಗಿದೆ ಎಂದರು. ಮನೆಯ ಯಜಮಾನನನ್ನು ಹೊರಗೆ ಕಳಿಸಿ, ಪ್ರತಿ ಇಟ್ಟಿಗೆಯೊಳಗೂ ಒಬ್ಬ ಪುಟ್ಟ ಯಜಮಾನನನ್ನು ಕೂರಿಸಿದ ಹಾಗಾಯಿತು.

ಸುಮಾರು ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ನಾಗಾರ್ಜುನ ಕೈಹಾಕಿದ್ದು ಇಲ್ಲಿಗೆ. ಅವನ ಮೂಲಮಧ್ಯಮಕಕಾರಿಕೆ 27 ಪ್ರಕರಣಗಳ, ನಾನೂರೈವತ್ತರ ಹತ್ತಿರದ ಶ್ಲೋಕಗಳ ಚಿಕ್ಕ ಗ್ರಂಥ. ಹದಿನೈದನೆಯ ಪ್ರಕರಣದಲ್ಲಿ ಅವನು ಎದುರಾಳಿಗಳು ಹಿಡಿದಿರುವ ಸ್ವಭಾವಕ್ಕೆ ಲಕ್ಷಣ ಹೇಳುತ್ತಾನೆ: ಅಕೃತ್ರಿಮವಾದದ್ದು, ಬೇರೆ ಯಾವುದನ್ನೂ ಅಪೇಕ್ಷಿಸದೆ ಇರುವಂಥದ್ದು. ಹುಟ್ಟಿದ ವಸ್ತುವಿಗೆ ಅಂಥ ಸ್ವಭಾವ ಇರುವುದು ಸಾಧ್ಯವೇ? ಹೇತುಪ್ರತ್ಯಯಗಳಿಂದ, ಅಂದರೆ ಕಾರಣಗಳಿಂದ, ಹುಟ್ಟಿದ್ದು ಎಂದ ಕೂಡಲೇ ಅದು ಮಾಡಲ್ಪಟ್ಟದ್ದು, ಪರಾಪೇಕ್ಷಿ. ಸ್ವಭಾವ ಉಂಟು ಎನ್ನುವವರು ಹುಟ್ಟನ್ನು ಬಿಡಬೇಕು, ಹುಟ್ಟುಂಟು ಎನ್ನುವವರು ಸ್ವಭಾವವನ್ನು ಬಿಡಬೇಕು. ಅಭಿಧರ್ಮದವರಾದರೋ ಎರಡನ್ನೂ ಹಿಡಿದುಕೊಂಡಿದ್ದರು. ಹೊರಗಿನವರ ತತ್ತ್ವವೊಂದನ್ನು ತಂದು ಈ ಮಾತು ಆಡಲಿಲ್ಲ ನಾಗಾರ್ಜುನ. ಕಾತ್ಯಾಯನನಿಗೆ ಬುದ್ಧ ಮಾಡಿದ ಉಪದೇಶದಲ್ಲಿ ‘ಇದೆ’ ಮತ್ತು ‘ಇಲ್ಲ’ ಎಂಬ ಎರಡು ತುದಿಗಳನ್ನೂ ಬಿಟ್ಟು ನಡುದಾರಿಯಲ್ಲಿ ಧರ್ಮ ಹೇಳಲಾಗಿದೆ ಎಂಬುದನ್ನು ಅವನು ಅದೇ ಪ್ರಕರಣದಲ್ಲಿ ಹೆಸರೆತ್ತಿ ನೆನಪಿಸುತ್ತಾನೆ.

ಈಗ ನಾವು ಆರಂಭದಲ್ಲಿ ಕೇಳಿದ, ಶೂನ್ಯತೆಯ ಮೇಲಿನ ಆಕ್ಷೇಪಕ್ಕೆ ಬರೋಣ. ಇಪ್ಪತ್ತನಾಲ್ಕನೆಯ ಪ್ರಕರಣ ತೆರೆದರೆ ಮೊದಲ ಆರು ಶ್ಲೋಕಗಳೂ ಎದುರಾಳಿಯ ಬಾಯಲ್ಲಿವೆ. ಎಲ್ಲವೂ ಶೂನ್ಯವಾದರೆ ಉದಯವಿಲ್ಲ, ವ್ಯಯವಿಲ್ಲ, ನಾಲ್ಕು ಆರ್ಯಸತ್ಯಗಳಿಲ್ಲ, ಅವಿಲ್ಲವೆಂದ ಮೇಲೆ ಸಂಘವಿಲ್ಲ, ಧರ್ಮವಿಲ್ಲ, ಬುದ್ಧನೇ ಇಲ್ಲ, ಪುಣ್ಯಪಾಪಗಳೂ ಲೋಕದ ಸಕಲ ವ್ಯವಹಾರವೂ ಮುಳುಗಿಹೋಗುತ್ತವೆ. ಗಮನಿಸಿ, ಇದನ್ನು ಹೇಳುತ್ತಿರುವವನು ವೇದಾಂತಿಯಲ್ಲ, ಒಬ್ಬ ಬೌದ್ಧ. ಉತ್ತರದಲ್ಲಿ ನಾಗಾರ್ಜುನ ಆಪಾದನೆಯನ್ನು ತಳ್ಳಿಹಾಕಿ ಸುಮ್ಮನಾಗುವುದಿಲ್ಲ, ಅದನ್ನು ಹಾಗೆಯೇ ಎತ್ತಿ ಎದುರಾಳಿಯ ತಲೆಯ ಮೇಲಿಡುತ್ತಾನೆ. ವಸ್ತುಗಳಿಗೆ ಸ್ವಭಾವವಿದ್ದಿದ್ದರೆ ದುಃಖ ಹುಟ್ಟುತ್ತಲೂ ಇರಲಿಲ್ಲ, ಅಳಿಯುತ್ತಲೂ ಇರಲಿಲ್ಲ; ಮಾರ್ಗವನ್ನು ಅಭ್ಯಾಸ ಮಾಡುವುದೆಂಬುದೇ ಇರುತ್ತಿರಲಿಲ್ಲ; ಅಬುದ್ಧನಾಗಿರುವವನು ಎಷ್ಟು ಪ್ರಯತ್ನಪಟ್ಟರೂ ಬೋಧಿಯನ್ನು ಪಡೆಯುತ್ತಿರಲಿಲ್ಲ. ಬದಲಾವಣೆಗೆ ಎಡೆಯಿರುವುದೇ ಶೂನ್ಯತೆಯಿಂದ. ‘ಸರ್ವಂ ಚ ಯುಜ್ಯತೇ ತಸ್ಯ ಶೂನ್ಯತಾ ಯಸ್ಯ ಯುಜ್ಯತೇ’, ಶೂನ್ಯತೆ ಯಾರಿಗೆ ಹೊಂದುತ್ತದೆಯೋ ಅವರಿಗೆ ಎಲ್ಲವೂ ಹೊಂದುತ್ತದೆ. ಅದೇ ಪ್ರಕರಣದ ಹದಿನೆಂಟನೆಯ ಶ್ಲೋಕ ಇನ್ನೂ ನೇರ: ‘ಯಃ ಪ್ರತೀತ್ಯಸಮುತ್ಪಾದಃ ಶೂನ್ಯತಾಂ ತಾಂ ಪ್ರಚಕ್ಷ್ಮಹೇ’, ಒಂದನ್ನು ಆಶ್ರಯಿಸಿ ಇನ್ನೊಂದು ಹುಟ್ಟುವುದು ಯಾವುದೋ ಅದನ್ನೇ ನಾವು ಶೂನ್ಯತೆ ಎನ್ನುತ್ತೇವೆ. ವಸ್ತುಗಳ ಹಿಂದೆ ಅಡಗಿರುವ ಒಂದು ದೊಡ್ಡ ಬರಿದು ಎಂಬ ಅರ್ಥಕ್ಕೆ ಈ ಶ್ಲೋಕದಲ್ಲಿ ಜಾಗವೇ ಇಲ್ಲ.

ಹಾಗೆಂದು ಶೂನ್ಯತೆಯನ್ನೇ ಒಂದು ಪರಮ ವಸ್ತುವಾಗಿ ಹಿಡಿದುಕೊಂಡರೆ? ಅದರ ಅಪಾಯವೂ ಅವನಿಗೆ ಗೊತ್ತಿತ್ತು. ತಪ್ಪಾಗಿ ಹಿಡಿದ ಹಾವಿನ ಹಾಗೆ, ತಪ್ಪಾಗಿ ಸಾಧಿಸಿದ ವಿದ್ಯೆಯ ಹಾಗೆ, ತಪ್ಪಾಗಿ ಕಂಡ ಶೂನ್ಯತೆ ಮಂದಬುದ್ಧಿಯವನನ್ನು ಕೆಡಿಸುತ್ತದೆ ಎನ್ನುತ್ತಾನೆ. ಹದಿಮೂರನೆಯ ಪ್ರಕರಣದಲ್ಲಿ ಇನ್ನೂ ಕಟುವಾಗಿ, ಎಲ್ಲ ದೃಷ್ಟಿಗಳಿಂದ ಬಿಡಿಸಿಕೊಳ್ಳುವುದಕ್ಕಾಗಿ ಶೂನ್ಯತೆಯನ್ನು ಹೇಳಿದ್ದು, ಶೂನ್ಯತೆಯೇ ದೃಷ್ಟಿಯಾದವರನ್ನು ಅಸಾಧ್ಯರೆಂದು ಜಿನರು, ಅಂದರೆ ಬುದ್ಧರು, ಕೈಬಿಟ್ಟರು ಎನ್ನುತ್ತಾನೆ. ಏಳನೆಯ ಶತಮಾನದ ವ್ಯಾಖ್ಯಾನಕಾರ ಚಂದ್ರಕೀರ್ತಿ ಇದಕ್ಕೊಂದು ಸೊಗಸಾದ ಪ್ರಸಂಗ ಕೊಡುತ್ತಾನೆ. ಒಬ್ಬ ‘ನಿನಗೆ ಕೊಡಲು ನನ್ನಲ್ಲಿ ಯಾವ ಸರಕೂ ಇಲ್ಲ’ ಎನ್ನುತ್ತಾನೆ. ಕೇಳಿದವನು ‘ಹಾಗಾದರೆ ಆ ಇಲ್ಲ ಎಂಬ ಸರಕನ್ನೇ ಕೊಡು’ ಎನ್ನುತ್ತಾನೆ. ಇಂಥವನಿಗೆ ಸರಕಿಲ್ಲವೆಂಬುದನ್ನು ಯಾವ ಉಪಾಯದಿಂದ ಮನಗಾಣಿಸುವುದು? ಮೊದಲು ಹೇಳಿದ ಎರಡನೆಯ ಆಕ್ಷೇಪಕ್ಕೂ ಉತ್ತರ ಇಲ್ಲಿಯೇ ಇದೆ. ಹೌದು, ಶೂನ್ಯತೆಯನ್ನು ಹೇಳುವ ಮಾತೂ ಶೂನ್ಯವೇ. ಅಂದರೆ ಅದೂ ಬಾಯಿ, ಉಸಿರು, ಭಾಷೆ, ಕೇಳುವವರು ಇವನ್ನು ಆಶ್ರಯಿಸಿದ್ದು. ಆಶ್ರಯಿಸಿದ್ದು ಎಂಬ ಕಾರಣಕ್ಕೆ ತೇರು ಸಾಗದೆ ನಿಲ್ಲಲಿಲ್ಲ. ಮಾತೂ ತನ್ನ ಕೆಲಸ ಮಾಡದೆ ನಿಲ್ಲುವುದಿಲ್ಲ. ವ್ಯವಹಾರವನ್ನು ಆಶ್ರಯಿಸದೆ ಪರಮಾರ್ಥವನ್ನು ಬೋಧಿಸುವುದಕ್ಕೆ ಬರುವುದಿಲ್ಲ ಎಂದು ವ್ಯವಹಾರದ ಸತ್ಯ, ಪರಮಾರ್ಥದ ಸತ್ಯ ಎಂಬ ಎರಡು ಸತ್ಯಗಳ ವಿಚಾರದಲ್ಲಿ ನಾಗಾರ್ಜುನನೇ ಹೇಳಿದ್ದಾನೆ.

ಕನ್ನಡದ ಕೇಳುಗರು ಇಲ್ಲಿ ಅಲ್ಲಮನನ್ನು ನೆನೆಯದೆ ಇರುವುದಿಲ್ಲವಾದ್ದರಿಂದ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಶರಣರ ಶೂನ್ಯವನ್ನೂ ನಾಗಾರ್ಜುನನ ಶೂನ್ಯತೆಯನ್ನೂ ಒಂದೇ ಎನ್ನುವ ಬರಹಗಳು ಬೇಕಾದಷ್ಟಿವೆ. ನನಗೆ ಹಾಗೆ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಶರಣನು ಬಯಲಿನಲ್ಲಿ ಬೆರೆಯುತ್ತಾನೆ, ಬಯಲಾಗುತ್ತಾನೆ. ಅದು ಕುರುಹುಗಳಿಗೆ ಸಿಕ್ಕದ ಪರಮದ ನೆಲೆ. ಮಾಧ್ಯಮಿಕನಿಗೆ, ಅಂದರೆ ನಾಗಾರ್ಜುನನ ಮಧ್ಯಮಕ ಪಂಥದವನಿಗೆ, ಬೆರೆಯುವುದಕ್ಕೆ ಅಂಥ ನೆಲೆಯೊಂದು ಇಲ್ಲ. ಎದುರಿನ ಮಡಕೆಯ ಶೂನ್ಯತೆ ಆ ಮಡಕೆಯದಷ್ಟೇ, ಮಡಕೆ ಒಡೆದರೆ ಅದರ ಶೂನ್ಯತೆಯ ಮಾತೂ ಮುಗಿಯಿತು. ಇಬ್ಬರೂ ಮಾತಿನ ಮಿತಿಯನ್ನು ಬಲ್ಲವರು ಎಂಬ ಹೋಲಿಕೆ ನಿಜ. ಅದಕ್ಕಿಂತ ಹೆಚ್ಚಿಗೆ ಹೊಲಿಯಲು ಹೋದರೆ ಎರಡೂ ಬಟ್ಟೆ ಹರಿಯುತ್ತವೆ.

ಈ ವಿಚಾರವೆಲ್ಲ ಗ್ರಂಥಗಳಲ್ಲಿ ಉಳಿದುಹೋದ ಹಳೆಯ ಸರಕು ಎಂದುಕೊಳ್ಳಬೇಡಿ. ಇಲ್ಲಿಂದ ಹುಣಸೂರಿನ ದಾರಿ ಹಿಡಿದು ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಅಲ್ಲಿ ಟಿಬೆಟನ್ನರ ವಸತಿ ಶುರುವಾಯಿತು. 1419ರಲ್ಲಿ ಲಾಸಾದ ಬಳಿ ಸ್ಥಾಪನೆಯಾದ ಸೆರಾ ವಿಹಾರ ಈಗ ಅಲ್ಲಿ ನಡೆಯುತ್ತಿದೆ. ನಮ್ಮ ಜನ ಸ್ವರ್ಣಮಂದಿರ ನೋಡಿ, ಮೊಮೊ ತಿಂದು, ಕುಶಾಲನಗರದ ಕಡೆ ಹೊರಟುಬಿಡುತ್ತಾರೆ. ಆದರೆ ನೋಡಬೇಕಾದದ್ದು ಸೆರಾದ ಚರ್ಚಾಂಗಳ. ಅಲ್ಲಿ ಉತ್ತರ ಕೊಡುವ ಭಿಕ್ಷು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನೆ ಹಾಕುವವನು ನಿಂತಿರುತ್ತಾನೆ. ನಿಂತವನು ಪ್ರಜ್ಞೆಯ ಬೋಧಿಸತ್ತ್ವ ಮಂಜುಶ್ರೀಯ ಬೀಜಾಕ್ಷರವಾದ ‘ಧೀಃ’ ಎಂಬ ಉದ್ಗಾರದಿಂದ ಆರಂಭಿಸಿ, ಪ್ರಶ್ನೆ ಮುಗಿಯುವ ಹೊತ್ತಿಗೆ ಎಡಗಾಲನ್ನು ಮುಂದಕ್ಕೆ ಅಪ್ಪಳಿಸಿ, ಬಲ ಅಂಗೈಯಿಂದ ಎಡ ಅಂಗೈಯನ್ನು ಹೊಡೆದು, ಎಡಗೈಯನ್ನು ಕುಳಿತವನ ಮುಖದತ್ತ ಚಾಚುತ್ತಾನೆ. ಕುಳಿತವನಿಗೆ ಇರುವ ಉತ್ತರಗಳು ಕೆಲವೇ: ಒಪ್ಪಿದೆ, ಏಕೆ, ಹೇತು (ಕೊಟ್ಟ ಕಾರಣ) ಸಿದ್ಧವಾಗಲಿಲ್ಲ, ವ್ಯಾಪ್ತಿ (ಕಾರಣಕ್ಕೂ ತೀರ್ಮಾನಕ್ಕೂ ತಪ್ಪದ ನಂಟು) ಇಲ್ಲ. ತರ್ಕ ಓದಿದವರಿಗೆ ಇದು ನಮ್ಮದೇ ವಾದಕ್ರಮವೆಂದು ಕೂಡಲೇ ಗೊತ್ತಾಗುತ್ತದೆ. ಅವರ ಮಧ್ಯಮಕ ಪಾಠಕ್ಕೆ ಮೂಲಗ್ರಂಥವೂ ಚಂದ್ರಕೀರ್ತಿಯ ಮಧ್ಯಮಕಾವತಾರವೇ.

ಆ ಪರಂಪರೆಯ ಗುರು ತ್ಸೋಂಗ್‌ಖಪಾ (1357–1419) ಎಲ್ಲಕ್ಕಿಂತ ಮೊದಲು ಒಂದು ಕೆಲಸ ಹೇಳುತ್ತಾನೆ: ನಿಷೇಧ್ಯವನ್ನು, ಅಂದರೆ ಇಲ್ಲವೆನ್ನಬೇಕಾದದ್ದನ್ನು, ಗುರುತಿಸಿ. ಅದಕ್ಕೆ ಅವನು ಆಧಾರವಾಗಿ ಹಿಡಿಯುವುದು ಎಂಟನೆಯ ಶತಮಾನದ ಶಾಂತಿದೇವನ ಮಾತನ್ನು: ‘ಕಲ್ಪಿತಂ ಭಾವಮಸ್ಪೃಷ್ಟ್ವಾ ತದಭಾವೋ ನ ಗೃಹ್ಯತೇ’, ಕಲ್ಪಿಸಿಕೊಂಡ ಭಾವವನ್ನು ಮುಟ್ಟದೆ ಅದರ ಅಭಾವವನ್ನು ಹಿಡಿಯಲಾಗದು. ನಿಷೇಧ್ಯವನ್ನು ತೀರ ದೊಡ್ಡದು ಮಾಡಿದರೆ ಕರ್ಮ, ಫಲ, ಮನುಷ್ಯ ಎಲ್ಲವೂ ಕೊಚ್ಚಿಹೋಗುತ್ತವೆ. ತೀರ ಚಿಕ್ಕದು ಮಾಡಿದರೆ ಯಾವುದೋ ಶಾಸ್ತ್ರ ಹೇಳಿದ ಆತ್ಮವನ್ನು ಮಾತ್ರ ತಳ್ಳಿ, ಹುಟ್ಟಿನಿಂದ ನಮ್ಮೊಳಗೆ ಕೂತಿರುವ ‘ನಾನು’ ಎಂಬ ಹಿಡಿತವನ್ನು ಮುಟ್ಟದೆ ಬಿಟ್ಟಂತಾಗುತ್ತದೆ.

ಆ ‘ನಾನು’ವನ್ನು ಹಿಡಿಯಲು ಅವರು ಕಲಿಸುವ ಒಂದು ಅಭ್ಯಾಸವಿದೆ. ಸುಳ್ಳು ಆಪಾದನೆಯ ಕ್ಷಣವನ್ನು ನೆನೆಸಿಕೊಳ್ಳಿ ಎನ್ನುತ್ತಾರೆ. ಒಂದು ಮದುವೆ ಮನೆ ಎಂದಿಟ್ಟುಕೊಳ್ಳಿ. ಹೆಣ್ಣಿನ ಕಡೆಯವರ ಒಡವೆಯೊಂದು ಕಾಣೆಯಾಗಿದೆ. ಹತ್ತು ಜನರ ಎದುರು ಯಾರೋ ನಿಮ್ಮ ಕಡೆ ತಿರುಗಿ, ‘ಆ ಕೋಣೆಯಲ್ಲಿ ಕೊನೆಗೆ ಇದ್ದವರು ನೀವೇ ಅಲ್ಲವೇ?’ ಎನ್ನುತ್ತಾರೆ. ಕಿವಿ ಬಿಸಿಯಾಗುತ್ತದೆ, ಕೈಯಲ್ಲಿದ್ದ ಕಾಫಿ ಲೋಟ ಮರೆತುಹೋಗುತ್ತದೆ, ಎದೆಯೊಳಗಿಂದ ‘ನಾನಾ?’ ಎಂದು ಒಂದು ಏಳುತ್ತದೆ. ಅದು ಮೈಯಲ್ಲ, ಮೈಗೆ ಯಾರೂ ಏನೂ ಮಾಡಿಲ್ಲ. ಮನಸ್ಸೂ ಅಲ್ಲ, ಏಕೆಂದರೆ ‘ನನ್ನ ಮನಸ್ಸಿಗೆ ಎಷ್ಟು ನೋವಾಯಿತು’ ಎಂದು ಮನಸ್ಸನ್ನೂ ಅದು ತನ್ನದೆಂದು ಹೇಳಿಕೊಳ್ಳುತ್ತಿದೆ. ಮೈಮನಗಳ ನಡುವೆಯೇ ಇದ್ದು, ಅವುಗಳ ಹಂಗಿಲ್ಲದ ಯಜಮಾನನಂತೆ ಎದ್ದು ನಿಂತಿದೆ. ಆಗಲೇ, ಅದು ಇಳಿದುಹೋಗುವ ಮೊದಲೇ, ಮನಸ್ಸಿನ ಒಂದು ಮೂಲೆಯಿಂದ ಅದನ್ನು ನೋಡಬೇಕು. ನಿಷೇಧ್ಯ ಎಂದರೆ ಅದು. ಅನಂತರವೇ ನಾಗಾರ್ಜುನನ ಹದಿನೆಂಟನೆಯ ಪ್ರಕರಣದ ಪ್ರಶ್ನೆ: ಇದು ಸ್ಕಂಧಗಳೇ ಆಗಿದ್ದರೆ ಅವುಗಳೊಡನೆ ಹುಟ್ಟಿ ಸಾಯಬೇಕು, ಬೇರೆಯಾಗಿದ್ದರೆ ಸ್ಕಂಧಗಳ ಯಾವ ಲಕ್ಷಣವೂ ಇದಕ್ಕಿರಬಾರದು, ಎರಡರಲ್ಲಿ ಯಾವುದು? ಹುಡುಕಿದರೆ ಸಿಗುವುದಿಲ್ಲ. ಸಿಗದೆ ಇದ್ದದ್ದು ಆ ಯಜಮಾನ. ಮದುವೆಗೆ ಬಂದ, ಕಾಫಿ ಕುಡಿಯುತ್ತಿದ್ದ, ಒಡವೆ ಕದಿಯದ ನೀವು ಇದ್ದೇ ಇದ್ದೀರಿ.

ಕರ್ಮಫಲದ ಪ್ರಶ್ನೆಯನ್ನು ಬಾಕಿ ಇಟ್ಟಿದ್ದೆ. ಮಿಲಿಂದನೂ ಅದನ್ನೇ ಕೇಳಿದ್ದ. ನಾಗಸೇನ ಹೇಳಿದ್ದು ಮಾವಿನ ಹಣ್ಣಿನ ಕಳ್ಳನ ಕತೆ. ಸಿಕ್ಕಿಬಿದ್ದ ಕಳ್ಳ ಅರಸನೆದುರು, ‘ಇವನು ನೆಟ್ಟ ಮಾವು ಬೇರೆ, ನಾನು ಕಿತ್ತ ಮಾವು ಬೇರೆ, ನನಗೆ ಶಿಕ್ಷೆ ಸಲ್ಲದು’ ಎಂದು ವಾದಿಸಿದರೆ ಬಿಡುತ್ತೀರಾ? ಬಿಡುವುದಿಲ್ಲ, ನೆಟ್ಟದ್ದನ್ನು ಆಶ್ರಯಿಸಿಯೇ ಕಿತ್ತದ್ದು ಬಂದಿತು ಎನ್ನುತ್ತಾನೆ ಅರಸ. ಹಾಗೆಯೇ ಈ ನಾಮರೂಪದಿಂದ, ಅಂದರೆ ಈ ಮೈಮನಗಳಿಂದ, ಮಾಡಿದ ಕರ್ಮವನ್ನು ಆಶ್ರಯಿಸಿ ಇನ್ನೊಂದು ನಾಮರೂಪ ಹುಟ್ಟುತ್ತದೆ. ಆದ್ದರಿಂದ ಪಾಪದಿಂದ ಬಿಡುಗಡೆ ಇಲ್ಲ. ಹೊಣೆಗಾರಿಕೆಗೆ ಕಾರ್ಯಕಾರಣದ ಸಂತಾನ, ಅಂದರೆ ಎಡೆಬಿಡದ ಹರಿವು, ಸಾಕು, ಅದರೊಳಗೆ ಬದಲಾಗದ ಒಬ್ಬ ಇರಬೇಕಾಗಿಲ್ಲ ಎಂಬುದು ಇಲ್ಲಿನ ವಾದ. ನನಗೆ ಇದು ಗಟ್ಟಿಯಾಗಿಯೇ ಕಾಣುತ್ತದೆ. ಬದಲಾಗದ ಆತ್ಮವೊಂದು ಇದ್ದರೆ ಕರ್ಮ ಅದನ್ನು ಮುಟ್ಟುವುದು ಹೇಗೆಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಆ ಕಡೆಯವರೂ ಹೌದು.

ಶಾಂತಿದೇವ ಇದೇ ಎಳೆಯನ್ನು ಕರುಣೆಯವರೆಗೂ ಎಳೆಯುತ್ತಾನೆ. ‘ಅಸ್ವಾಮಿಕಾನಿ ದುಃಖಾನಿ ಸರ್ವಾಣ್ಯೇವಾವಿಶೇಷತಃ’, ಒಡೆಯರಿಲ್ಲದವು ದುಃಖಗಳೆಲ್ಲವೂ, ಭೇದವಿಲ್ಲದೆ; ದುಃಖವಾಗಿರುವುದರಿಂದಲೇ ಅವು ನಿವಾರಿಸತಕ್ಕವು. ನನ್ನದು, ನಿನ್ನದು ಎಂಬ ಬೇಲಿಗೆ ಆಧಾರವಿಲ್ಲವೆಂದಾದರೆ ನನ್ನ ದುಃಖವನ್ನಷ್ಟೇ ನೀಗಿಕೊಳ್ಳುವೆ ಎಂಬುದಕ್ಕೂ ಆಧಾರವಿಲ್ಲ. ಇದು ಎದೆಗೆ ನಾಟುವ ಶ್ಲೋಕವೆಂಬುದರಲ್ಲಿ ಸಂದೇಹವಿಲ್ಲ. ತರ್ಕವಾಗಿ ಮಾತ್ರ ಇದರಲ್ಲಿ ಒಂದು ಸಂದು ಉಳಿದಿದೆ ಎನ್ನಿಸುತ್ತದೆ. ಯಾರದೂ ಅಲ್ಲದ ದುಃಖವನ್ನು ಯಾರೂ ನೋಡಿಕೊಳ್ಳಬೇಕಾಗಿಲ್ಲ ಎಂದು ಕಲ್ಲೆದೆಯವನೊಬ್ಬ ಅದೇ ಆಧಾರದಿಂದ ವಾದಿಸಬಹುದು. ಶಾಂತಿದೇವ ಅದನ್ನು ಮುಂಗಂಡು, ದುಃಖವನ್ನು ಏಕೆ ನಿವಾರಿಸಬೇಕು ಎಂಬುದರಲ್ಲಿ ಯಾರಿಗೂ ವಿವಾದವಿಲ್ಲವಲ್ಲ ಎಂದು ಉತ್ತರಿಸುತ್ತಾನೆ. ಎಲ್ಲರೂ ಒಪ್ಪಿದ್ದರ ಮೇಲೆ ನಿಂತಿರುವ ಉತ್ತರ ಅದು, ಶೂನ್ಯತೆಯ ಮೇಲೆ ನಿಂತಿರುವುದಲ್ಲ. ಶೂನ್ಯತೆ ಬೇಲಿಯನ್ನು ಕೀಳಬಲ್ಲುದು. ಬೇಲಿ ಕಿತ್ತ ಮೇಲೆ ಆಚೆಗೆ ಹೆಜ್ಜೆ ಇಡಲು ಕರುಣೆಯ ಅಭ್ಯಾಸವನ್ನು ಬೇರೆಯಾಗಿಯೇ ಮಾಡಬೇಕೆಂದು ಮಹಾಯಾನದವರು ಎರಡನ್ನೂ ಜೋಡಿಯಾಗಿ ಕಲಿಸುವುದಕ್ಕೆ ಕಾರಣ ಇದೇ ಇರಬೇಕು.

ಮೂಲವನ್ನೇ ಓದಬೇಕೆನ್ನುವವರಿಗೆ ಒಂದು ಸಲಹೆ. ಕಾರಿಕೆಯ ಮೊದಲನೆಯ ಪ್ರಕರಣದಿಂದ ಶುರುಮಾಡಬೇಡಿ. ಅದು ಪ್ರತ್ಯಯಪರೀಕ್ಷೆ, ಅಭಿಧರ್ಮದ ನಾಲ್ಕು ಪ್ರತ್ಯಯಗಳ ಪರಿಚಯವಿಲ್ಲದವರು ಅಲ್ಲಿಯೇ ಪುಸ್ತಕ ಮುಚ್ಚಿಬಿಡುವುದು ಸಹಜ. ಇಪ್ಪತ್ತನಾಲ್ಕನೆಯದನ್ನು ಮೊದಲು ಓದಿ, ಅಲ್ಲಿ ಎದುರಾಳಿಯ ಆರು ಶ್ಲೋಕಗಳನ್ನು ನಿಮ್ಮದೇ ಆಕ್ಷೇಪವೆಂಬಂತೆ ಗಟ್ಟಿಯಾಗಿ ಓದಿ, ಆಮೇಲೆ ಹದಿನೈದು, ಹದಿನೆಂಟು, ಕೊನೆಗೆ ಒಂದು. ಹದಿನೆಂಟನೆಯದರಲ್ಲಿ ಬುದ್ಧರು ಆತ್ಮವಿದೆ ಎಂದೂ ತಿಳಿಸಿದರು, ಅನಾತ್ಮವೆಂದೂ ಬೋಧಿಸಿದರು, ಆತ್ಮವೂ ಇಲ್ಲ ಅನಾತ್ಮವೂ ಇಲ್ಲ ಎಂದೂ ಬೋಧಿಸಿದರು ಎಂಬ ಶ್ಲೋಕ ಬರುತ್ತದೆ. ಅಲ್ಲಿಗೆ ಬಂದಾಗ ಗಾಬರಿಯಾಗದೆ, ಯಾರಿಗೆ ಯಾವುದನ್ನು ನಿಷೇಧಿಸಲು ಯಾವ ಮಾತು ಎಂದು ಕೇಳಿಕೊಂಡು ಓದಿದರೆ ಮುಂದಿನ ಶ್ಲೋಕಗಳು ತಡೆಯಿಲ್ಲದೆ ಸಾಗುತ್ತವೆ.